ಗುಜರಿಗಿಂತ ಮೊದಲು ತಲುಪುವ ಸಂಘವೊಂದು ಬೇಕು

ಮಸ್ಕಿಯ ಅಶೋಕ ಶಾಸನದ ಕತೆ ಕರ್ನಾಟಕದ ಮಕ್ಕಳಿಗೆ ಬಾಯಿಪಾಠ. 1915ರ ಜನವರಿ 27ರಂದು ಸಿ. ಬೀಡನ್ ಎಂಬ ಎಂಜಿನಿಯರ್ ಊರ ಬದಿಯ ದುರ್ಗದ ಗುಡ್ಡದಲ್ಲಿ ಬಂಡೆಯ ಮೇಲಿನ ಅಕ್ಷರಗಳನ್ನು ಕಂಡ. ಅದರಲ್ಲಿ ಅಶೋಕನ ಹೆಸರೇ ಇತ್ತು. ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದ ದೊರೆ ಯಾರೆಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆಯಿತು. ಪಠ್ಯಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಬೀಡನ್ ಯಾವ ಎಂಜಿನಿಯರ್ ಎಂಬುದನ್ನು ಹೆಚ್ಚಿನವರು ಕೇಳುವುದಿಲ್ಲ. ಆತ ಚಿನ್ನದ ಗಣಿಯ ಎಂಜಿನಿಯರ್.

ಆ ಲಿಪಿಯನ್ನು ಮೊದಲು ಓದಿದವನ ಕಸುಬು ಇನ್ನೂ ಸ್ವಾರಸ್ಯದ್ದು. 1837ರಲ್ಲಿ ಬ್ರಾಹ್ಮಿಯ ಗಂಟು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತಾ ಟಂಕಸಾಲೆಯ ಅಸ್ಸೇ ಮಾಸ್ಟರ್, ಅಂದರೆ ಬೆಳ್ಳಿ ಬಂಗಾರದ ಶುದ್ಧಿ ಅಳೆಯುವ ಅಧಿಕಾರಿ. ಒಂದು ಗ್ರೇನಿನ ಸಾವಿರದಲ್ಲಿ ಮೂರು ಪಾಲಿನಷ್ಟು ತೂಕವನ್ನೂ ತೋರಿಸಬಲ್ಲ ತಕ್ಕಡಿಯನ್ನು ಆತ ತಾನೇ ರೂಪಿಸಿದ್ದ. ಮಸ್ಕಿಗೆ ಜಗತ್ತಿನ ಇತಿಹಾಸದಲ್ಲಿ ಜಾಗ ಕೊಟ್ಟವರು ಇಬ್ಬರೂ ಅಳೆಯುವ, ತೂಗುವ ಜನ. ಬಂಡೆಗೆ ಇಂದು ಬೇಲಿ ಇದೆ, ಫಲಕ ಇದೆ, ಕಾವಲಿದೆ. ಆ ಜನ ಹಿಡಿದು ದುಡಿದಂಥ ತಕ್ಕಡಿ, ದಿಕ್ಸೂಚಿ, ಕೋನ ಅಳೆಯುವ ಥಿಯೋಡೊಲೈಟ್‌ಗಳಿಗೆ ಈ ಸೀಮೆಯಲ್ಲಿ ಯಾರೂ ದಿಕ್ಕಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳು ಸೇರಿ ಹಳೆಯ ವೈಜ್ಞಾನಿಕ ಉಪಕರಣಗಳ ಆಸಕ್ತರ, ಸಂಗ್ರಾಹಕರ ಒಂದು ಸಂಘ ಕಟ್ಟಿಕೊಳ್ಳಬೇಕು. ಬೆಂಗಳೂರು ಕಟ್ಟಲಿ, ಸರ್ಕಾರ ಕಟ್ಟಲಿ ಎಂದು ಕಾದರೆ ಕಾಯುವಷ್ಟರಲ್ಲಿ ವಸ್ತುಗಳೇ ಉಳಿಯುವುದಿಲ್ಲ. ಶಾಲೆಯ ಪ್ರಯೋಗಾಲಯ, ನೀರಾವರಿ ಕಚೇರಿಯ ಉಗ್ರಾಣ, ಸರ್ವೆ ಇಲಾಖೆಯ ಕಪಾಟು, ಅಕ್ಕಸಾಲಿಗರ ಗಲ್ಲಾಪೆಟ್ಟಿಗೆ, ನಿವೃತ್ತ ಓವರ್‌ಸಿಯರ್ ಮನೆಯ ಅಟ್ಟ, ಇವೆಲ್ಲ ಒಂದೊಂದಾಗಿ ಖಾಲಿಯಾಗುವ ಕಾಲ ಇದು. ಹಿತ್ತಾಳೆಗೆ ಕಿಲೋ ಲೆಕ್ಕದಲ್ಲಿ ಬೆಲೆ ಸಿಗುತ್ತದೆ. ಅದರ ಮೇಲೆ ಕೊರೆದ ಗೆರೆಗಳಿಗೆ ಗುಜರಿ ಅಂಗಡಿಯಲ್ಲಿ ಬೆಲೆಯಿಲ್ಲ.

ಇಂಥ ಸಂಘ ಹೊಸ ಕಲ್ಪನೆಯೇನಲ್ಲ. ಬ್ರಿಟನ್ನಿನಲ್ಲಿ 1983ರಲ್ಲಿ ‘ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಸೊಸೈಟಿ’ ಹುಟ್ಟಿತು. ಸಂಗ್ರಾಹಕರು, ಮ್ಯೂಸಿಯಂನವರು, ಮಾರುವವರು, ದುರಸ್ತಿ ಬಲ್ಲವರು ಎಲ್ಲರೂ ಅದರಲ್ಲಿದ್ದಾರೆ. ಅಮೆರಿಕದಲ್ಲಿ ಸ್ಲೈಡ್ ರೂಲ್ ಒಂದಕ್ಕೇ ಮೀಸಲಾದ ‘ಆಟ್ರೆಡ್ ಸೊಸೈಟಿ’ 1991ರಿಂದ ಇದೆ. ಆಕ್ಸ್‌ಫರ್ಡಿನ ವಿಜ್ಞಾನ ಇತಿಹಾಸದ ಮ್ಯೂಸಿಯಂ 1924ರಲ್ಲಿ ಶುರುವಾದದ್ದು ಲೂಯಿಸ್ ಇವಾನ್ಸ್ ಎಂಬ ಒಬ್ಬನೇ ಸಂಗ್ರಾಹಕ ಕೊಟ್ಟ ವಸ್ತುಗಳಿಂದ. ಕೇಂಬ್ರಿಜ್‌ನ ವಿಪಲ್ ಮ್ಯೂಸಿಯಂ 1944ರಲ್ಲಿ ರಾಬರ್ಟ್ ವಿಪಲ್ ಕೊಟ್ಟ ಸಂಗ್ರಹದಿಂದ. ಮೊದಲು ಹುಚ್ಚು ಹಿಡಿದ ಒಬ್ಬ ಮನುಷ್ಯ, ಆಮೇಲೆ ನಾಲ್ಕು ಜನ, ಕೊನೆಗೆ ಕಟ್ಟಡ. ಎಲ್ಲ ಕಡೆಯೂ ನಡೆದಿರುವ ಕ್ರಮ ಇದೇ. ಇಲ್ಲಿ ಮಾತ್ರ ಕಟ್ಟಡದ ಶಂಕುಸ್ಥಾಪನೆ ಮೊದಲು ಆಗಬೇಕೆಂದು ಬಯಸುತ್ತಾರೆ.

ಹಾಗಾದರೆ ಈ ಮೂರು ತಾಲ್ಲೂಕಿನಲ್ಲಿ ಕೂಡಿಡುವಂಥದ್ದು ಏನಿದೆ?

ಹಟ್ಟಿಯಿಂದಲೇ ತೊಡಗಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುವ ಕೆಲಸ ಸುಮಾರು ಎರಡು ಸಾವಿರ ವರ್ಷ ಹಳೆಯದು. ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಇಂಗಾಲ ಪರೀಕ್ಷೆ ಅದನ್ನು ಹೇಳಿದೆ. ಬೆಂಕಿ ಹಾಕಿ ಕಲ್ಲು ಕಾಯಿಸಿ ಸೀಳುತ್ತಿದ್ದ ಆ ಕಾಲದ ಗಣಿಗಾರರು ಆರುನೂರು ಅಡಿಗೂ ಮೀರಿದ ಆಳಕ್ಕೆ ಇಳಿದಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿ ಬಂತು, ಒಂದೆರಡು ದಶಕ ನಡೆಸಿ ನಿಲ್ಲಿಸಿತು. 1947ರಲ್ಲಿ ನಿಜಾಮ ಸರ್ಕಾರದ ಕಾಲದಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. ಅದೇ ಇಂದಿನ ಹಟ್ಟಿ ಚಿನ್ನದ ಗಣಿ ಕಂಪನಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಗಣಿ ಚಿನ್ನದ ಮುಖ್ಯ ಆಸರೆ ಇದೊಂದೇ.

ಗಣಿ ಎಂದರೆ ಜನರ ಕಣ್ಣಿಗೆ ಕಾಣುವುದು ಶಾಫ್ಟಿನ ಗೋಪುರ, ಡೈನಮೈಟು, ಟ್ರಾಲಿ. ಆದರೆ ಗಣಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಎಂದು ತೀರ್ಮಾನವಾಗುತ್ತಿದ್ದದ್ದು ಗಾಜಿನ ಪೆಟ್ಟಿಗೆಯೊಳಗೆ ಕೂತ ಒಂದು ಸಣ್ಣ ತಕ್ಕಡಿಯಲ್ಲಿ. ಅಸ್ಸೇ ಮಾಡುವ ಹಳೆಯ ವಿಧಾನವನ್ನು ಒಮ್ಮೆ ನೋಡಿದರೆ ಇದು ತಿಳಿಯುತ್ತದೆ. ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸೀಸದ ಆಕ್ಸೈಡ್, ಸೋಡಾ, ಬೋರಾಕ್ಸ್ ಬೆರೆಸಿ ಮೂಸೆಯಲ್ಲಿ ಕರಗಿಸುತ್ತಾರೆ. ಕರಗಿದ ಸೀಸ ಅದಿರಿನಲ್ಲಿದ್ದ ಚಿನ್ನ ಬೆಳ್ಳಿಯನ್ನೆಲ್ಲ ಹೀರಿಕೊಂಡು ತಳಕ್ಕೆ ಇಳಿಯುತ್ತದೆ. ಆ ಸೀಸದ ಗುಂಡಿಯನ್ನು ಎಲುಬಿನ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲೇ ಕುಡಿದುಬಿಡುತ್ತದೆ. ಉಳಿಯುವುದು ಒಂದು ಚುಕ್ಕೆಯಷ್ಟು ಮಣಿ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕಳೆದರೆ ಚಿನ್ನ. ಟನ್ನಿಗೆ 5 ಗ್ರಾಂ ಚಿನ್ನವಿರುವ ಅದಿರಾದರೆ, 30 ಗ್ರಾಂ ಪುಡಿಯಲ್ಲಿ ಕೊನೆಗೆ ಸಿಗುವುದು 0.15 ಮಿಲಿಗ್ರಾಂ. ಅಷ್ಟನ್ನು ತೂಗಬೇಕು. ತಪ್ಪಿದರೆ ಸುರಂಗವನ್ನು ಯಾವ ಕಡೆ ತೋಡಬೇಕೆಂಬ ಲೆಕ್ಕವೇ ತಪ್ಪುತ್ತದೆ.

ಅಂಥ ತಕ್ಕಡಿಯ ದಂಡ ಕೂರುವುದು ಅಗೇಟ್ ಕಲ್ಲಿನ ಚೂಪಾದ ಏಣಿನ ಮೇಲೆ. ಉಸಿರು ತಾಗಿದರೂ ಅಲುಗುತ್ತದೆಂದು ಸುತ್ತ ಗಾಜು, ಮುಂದೆ ಮೇಲೆತ್ತುವ ಕಿಟಕಿ. ಕೈಶಾಖ ದಂಡಕ್ಕೆ ತಗಲಿದರೆ ಒಂದು ತೋಳು ಕೂದಲೆಳೆಯಷ್ಟು ಹಿಗ್ಗಿ ತೂಕ ತಪ್ಪುತ್ತದೆ; ಅದಕ್ಕೇ ತೂಕದ ಸಣ್ಣ ಬೊಟ್ಟುಗಳನ್ನು ಚಿಮಟದಿಂದ ಎತ್ತಿಡಬೇಕು. ಲಂಡನ್ನಿನ ಎರ್ಟ್‌ಲಿಂಗ್ ಕಂಪನಿಯ ತಕ್ಕಡಿಗಳು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಜಗತ್ತಿನ ಟಂಕಸಾಲೆಗಳಿಗೂ ಗಣಿಗಳಿಗೂ ಹೋದವು. ಡಿಜಿಟಲ್ ತಕ್ಕಡಿ ಬಂದ ಮೇಲೆ ಇವಕ್ಕೆಲ್ಲ ಕೆಲಸ ತಪ್ಪಿತು. ಕೆಲಸ ತಪ್ಪಿದ್ದು ಸರಿಯೇ. ಹೊಸ ಯಂತ್ರ ಬೇಗ ತೂಗುತ್ತದೆ, ನಿಖರವಾಗಿಯೂ ತೂಗುತ್ತದೆ. ಆದರೆ ತಕ್ಕಡಿ ಹೇಗೆ ತೂಗುತ್ತದೆ ಎಂಬುದನ್ನು ಕಣ್ಣಾರೆ ತೋರಿಸುವುದು ಹಳೆಯದೇ. ಹೊಸದು ಅಂಕಿ ತೋರಿಸಿ ಸುಮ್ಮನಾಗುತ್ತದೆ.

ಹಟ್ಟಿಯ ಮನೆಗಳಲ್ಲಿ ಮೂರು ತಲೆಮಾರಿನ ಗಣಿ ಕಾರ್ಮಿಕರಿದ್ದಾರೆ. ಅಸ್ಸೇ ಕೋಣೆಯಲ್ಲಿ, ಸರ್ವೆ ಕೋಣೆಯಲ್ಲಿ ದುಡಿದು ನಿವೃತ್ತರಾದವರು ಊರಲ್ಲೇ ಇದ್ದಾರೆ. ನೆಲದಡಿಯ ಕತ್ತಲಲ್ಲಿ ದೀಪ ಹಿಡಿದು ಗಣಿ ದಿಕ್ಸೂಚಿಯ ಡಯಲ್ ಓದುತ್ತಿದ್ದ ಕ್ರಮ, ತೂಗುಗುಂಡನ್ನು ಶಾಫ್ಟಿನಲ್ಲಿ ಇಳಿಬಿಟ್ಟು ಮೇಲಿನ ದಿಕ್ಕನ್ನು ಕೆಳಗೆ ಒಯ್ಯುತ್ತಿದ್ದ ಉಪಾಯ ಅವರ ಕೈಯಲ್ಲಿದೆ, ಬಾಯಲ್ಲಿದೆ. ಸಂಘ ಮೊದಲು ಕೂರಬೇಕಾದದ್ದು ಅವರ ಮುಂದೆ.

ಚಿನ್ನ ಎಲ್ಲರ ಪಾಲಿಗೂ ಬರುವುದಿಲ್ಲ, ಹೊಲ ಬರುತ್ತದೆ. ಗುಂಟೆ ಎಂದರೆ 1,089 ಚದರ ಅಡಿ ಎಂದು ಸಿಂಧನೂರಿನ ಸೈಟು ದಲ್ಲಾಳಿಯಿಂದ ಹಿಡಿದು ಹೈಸ್ಕೂಲು ಹುಡುಗನವರೆಗೆ ಎಲ್ಲರಿಗೂ ಗೊತ್ತು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಬಾಂಬೆ ಮಾದರಿಯ ಮೋಜಣಿಯ ಸರಪಳಿ 33 ಅಡಿ ಉದ್ದದ್ದು. 33 ಅಡಿಯನ್ನು 33ರಿಂದ ಗುಣಿಸಿದರೆ 1,089. ನಾಲ್ಕು ಬದಿಗೂ ಒಂದೊಂದು ಸರಪಳಿ ಉದ್ದವಿರುವ ಚೌಕವೇ ಒಂದು ಗುಂಟೆ, ಅಂಥ 40 ಸೇರಿದರೆ ಒಂದು ಎಕರೆ. ಸರಪಳಿಯನ್ನು 16 ಆಣೆಯಾಗಿ ಭಾಗ ಮಾಡಿದ್ದರು. ಇಂದಿಗೂ ಪಹಣಿಯಲ್ಲಿ ಎಕರೆ, ಗುಂಟೆಯ ಪಕ್ಕ ಆಣೆಯ ಮನೆ ಇದೆ. ದುಡ್ಡಿನ ಆಣೆ 1957ರಲ್ಲೇ ಹೋಯಿತು, ನೆಲದ ಆಣೆ ಹೋಗಲಿಲ್ಲ. ಲಕ್ಷಾಂತರ ರೈತರ ಆಸ್ತಿಯ ಲೆಕ್ಕ ಒಂದು ಕಬ್ಬಿಣದ ಸರಪಳಿಯ ಉದ್ದದ ಮೇಲೆ ನಿಂತಿದೆ. ಆ ಸರಪಳಿಯನ್ನು ಕಣ್ಣಲ್ಲಿ ನೋಡಿದ ರೈತನ ಮಗ ಇಂದು ಎಷ್ಟು ಜನ? ಡ್ರೋನ್ ಮೇಲೆ ಹಾರುತ್ತದೆ, ಟೋಟಲ್ ಸ್ಟೇಷನ್ ಬಂದಿದೆ. ಸರಪಳಿ, ಕ್ರಾಸ್ ಸ್ಟಾಫ್, ಪ್ಲೇನ್ ಟೇಬಲ್ ಎಲ್ಲ ಮೂಲೆ ಸೇರಿವೆ.

ತೂಕದ ಬೊಟ್ಟುಗಳದ್ದೂ ಇದೇ ಪಾಡು. ತೂಕ ಮತ್ತು ಅಳತೆ ಮಾನಕಗಳ ಕಾಯ್ದೆ 1956ರಲ್ಲಿ ಬಂತು. 1958ರಿಂದ ಮೆಟ್ರಿಕ್ ತೂಕ ಹಂತಹಂತವಾಗಿ ಜಾರಿಯಾಗಿ 1962ರ ಹೊತ್ತಿಗೆ ಕಡ್ಡಾಯವಾಯಿತು. 80 ತೊಲೆಯ ಸೇರು, ಅಂದರೆ 933 ಗ್ರಾಂ, ಅಂಗಡಿಯಿಂದ ಹೊರಬಿತ್ತು. ಪಾವು, ಅಚ್ಛೇರು, ಚಟಾಕು ಅಜ್ಜಿಯರ ಮಾತಿನಲ್ಲಿ ಉಳಿದವು. ಹಳೆಯ ಬೊಟ್ಟುಗಳನ್ನು ತಿರುಗಿಸಿ ನೋಡಿದರೆ ತಳದಲ್ಲಿ ಸಣ್ಣ ಮುದ್ರೆಗಳ ಸಾಲು ಇರುತ್ತದೆ. ತೂಕ ಅಳತೆ ಇಲಾಖೆಯವರು ಪ್ರತಿ ಸಲ ಪರೀಕ್ಷಿಸಿದಾಗ ಹೊಡೆದ ಗುರುತುಗಳವು. ವರ್ಷ, ತ್ರೈಮಾಸಿಕದ ಅಕ್ಷರ ಎಲ್ಲ ಅದರಲ್ಲೇ. ಒಂದು ಬೊಟ್ಟು ಎಷ್ಟು ವರ್ಷ ಪ್ರಾಮಾಣಿಕವಾಗಿ ದುಡಿಯಿತು ಎಂಬ ಸರ್ವಿಸ್ ಪುಸ್ತಕ ಅದು. ಹತ್ತಿಯ, ಭತ್ತದ ತೂಕದ ಬಗ್ಗೆ ಮಂಡಿಯಲ್ಲಿ ಇವತ್ತಿಗೂ ಜಗಳ ಕಾಯುವ ಜನಕ್ಕೆ ಈ ಮುದ್ರೆಯ ಬೆಲೆಯನ್ನು ಬೇರೆ ಹೇಳಿಕೊಡಬೇಕಿಲ್ಲ.

ಇನ್ನು ಕಾಲುವೆ. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಸಿಂಧನೂರಿನ ಜೋಳದ ನೆಲ ಭತ್ತದ ಕಣಜವಾಯಿತು. ಎಡದಂಡೆ ನಾಲೆಯ ಉದ್ದ 227 ಕಿಲೋಮೀಟರ್. ಅಷ್ಟು ದೂರ ನೀರು ತಾನಾಗಿ ಹರಿಯಬೇಕಾದರೆ ನಾಲೆಯ ತಳ ಮೈಲಿಗೆ ಕೆಲವೇ ಇಂಚು ಇಳಿಯಬೇಕು. ಜಾಸ್ತಿ ಇಳಿದರೆ ದಂಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಕಂಪ್ಯೂಟರ್ ಇಲ್ಲದ, ಉಪಗ್ರಹವಿಲ್ಲದ ಕಾಲದಲ್ಲಿ ಆ ಇಂಚುಗಳನ್ನು ಹಿಡಿದುಕೊಟ್ಟದ್ದು ಮೂರು ಕಾಲಿನ ಮೇಲೆ ಕೂತ ಡಂಪಿ ಲೆವೆಲ್. 1832ರಲ್ಲಿ ವಿಲಿಯಂ ಗ್ರಾವಟ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲು ಮಾರ್ಗದ ಕೆಲಸಕ್ಕೆ ರೂಪಿಸಿದ ಈ ಗಿಡ್ಡ ದೂರದರ್ಶಕ ನೂರೈವತ್ತು ವರ್ಷ ಲೋಕದ ನಾಲೆಗಳನ್ನೆಲ್ಲ ಅಳೆಯಿತು.

ಒಂದು ಹಳೆಯ ಡಂಪಿ ಲೆವೆಲನ್ನು ಕೈಗೆ ತೆಗೆದುಕೊಂಡವರು ನಿಧಾನವಾಗಿ ನೋಡಬೇಕು. ಮೇಲ್ಗಡೆ ಕೊಳವೆಯಂಥ ಗಾಜಿನಲ್ಲಿ ಗಾಳಿಗುಳ್ಳೆ. ಅದು ಎರಡು ಗೀಟಿನ ನಡುವೆ ನಿಂತರೆ ಮಾತ್ರ ನೋಟ ಸಮತಟ್ಟು. ಕೆಳಗೆ ನಾಲ್ಕು ತಿರುಪು, ಎದುರುಬದುರಿನ ಜೋಡಿಯನ್ನು ಎರಡು ಹೆಬ್ಬೆರಳಿನಿಂದ ಒಟ್ಟಿಗೆ ತಿರುಗಿಸಬೇಕು. ಕಣ್ಣಿಟ್ಟರೆ ಒಳಗೆ ಅಡ್ಡಗೆರೆ, ಉದ್ದಗೆರೆ. ತೀರ ಹಳೆಯವುಗಳಲ್ಲಿ ಆ ಗೆರೆ ಜೇಡರ ಬಲೆಯ ಎಳೆ. ಕಡಿದುಹೋದರೆ ಕ್ಯಾಂಪಿನಲ್ಲೇ ಜೇಡ ಹಿಡಿದು ಎಳೆ ಸುತ್ತಿ ಅರಗಿನಿಂದ ಅಂಟಿಸುತ್ತಿದ್ದರು. ಹಿತ್ತಾಳೆ ತಟ್ಟೆಯ ಮೇಲೆ ತಯಾರಕರ ಹೆಸರು: ಲಂಡನ್ನಿನ ಟ್ರೌಟನ್ ಅಂಡ್ ಸಿಮ್ಸ್, ಯಾರ್ಕಿನ ಕುಕ್. ಕೆಲವದರ ಮೇಲೆ ಕಲ್ಕತ್ತೆಯ ಮ್ಯಾಥಮ್ಯಾಟಿಕಲ್ ಇನ್‌ಸ್ಟ್ರುಮೆಂಟ್ ಆಫೀಸಿನ ಮುದ್ರೆ. 1830ರಲ್ಲಿ ಉಪಕರಣ ದುರಸ್ತಿಗೆಂದು ಶುರುವಾದ ಆ ಕಚೇರಿಯೇ ಮುಂದೆ 1957ರಲ್ಲಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು. ಅದರ ಥಿಯೋಡೊಲೈಟ್, ಲೆವೆಲ್‌ಗಳನ್ನು ಹಿಡಿದು ಓದಿದವರೇ ದೇಶದ ಎಷ್ಟೋ ಸಿವಿಲ್ ಎಂಜಿನಿಯರ್‌ಗಳು.

ಈ ಸೀಮೆಯ ಜನ ಉಪಕರಣಗಳಿಗೆ ಅಪರಿಚಿತರು ಎಂದು ಯಾರೂ ಹೇಳುವಂತಿಲ್ಲ. ಕಾಲುವೆಯ ಕೊನೆ ಭಾಗದ ರೈತರ ಬಾಯಲ್ಲಿ ದಿನ ಬೆಳಗಾದರೆ ಬರುವ ಮಾತು ‘ಗೇಜ್’. ಮೈಲ್ 69ರಲ್ಲಿ ಗೇಜ್ ಎಷ್ಟಿದೆ, ಮೈಲ್ 104ಕ್ಕೆ ಎಷ್ಟು ತಲುಪಿದೆ ಎಂಬುದರ ಮೇಲೆ ಧರಣಿಗಳಾಗಿವೆ, ರಸ್ತೆ ತಡೆಗಳಾಗಿವೆ, ಅಧಿಕಾರಿಗಳ ಸಭೆಗಳಾಗಿವೆ. ಅಡಿ, ಅಡಿಯ ಹತ್ತನೇ ಪಾಲು ಎಂದು ಬಣ್ಣದಲ್ಲಿ ಬರೆದು ನೀರಿನಲ್ಲಿ ನಿಲ್ಲಿಸಿದ ಪಟ್ಟಿ ಅದು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ 1,633 ಅಡಿಯ ಪೂರ್ಣಮಟ್ಟದಿಂದ ನೀರು ಎಷ್ಟೆಷ್ಟು ಇಳಿಯಿತೆಂದು ಈ ಭಾಗದ ಮನೆಮನೆಯಲ್ಲೂ ಲೆಕ್ಕ ಹಾಕಿದರು. ಅಳತೆಯ ಮೇಲೆ ಇಷ್ಟು ಬದುಕು ನಿಂತಿರುವ ನೆಲದಲ್ಲಿ ಅಳತೆಯ ಚರಿತ್ರೆಗೆ ಒಂದು ಕೋಣೆಯೂ ಇಲ್ಲದಿರುವುದು ಸರಿಯಲ್ಲ. ಗೇಜ್ ಓದುವ ನೀರಗಂಟಿಯ ಹಳೆಯ ರಿಜಿಸ್ಟರು ಕೂಡ ಉಪಕರಣದಷ್ಟೇ ಮುಖ್ಯ. ಯಾವ ವರ್ಷ, ಯಾವ ತಿಂಗಳು, ಕೊನೆ ಭಾಗಕ್ಕೆ ಎಷ್ಟು ನೀರು ಬಂತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಮಳೆಮಾಪಕಗಳದ್ದೂ ಹಾಗೆಯೇ. ತಾಲ್ಲೂಕು ಕಚೇರಿಯ ಅಂಗಳದಲ್ಲಿ 127 ಮಿಲಿಮೀಟರ್ ಬಾಯಿಯ ಸೈಮನ್ಸ್ ಮಳೆಮಾಪಕ ಹೂತಿರುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಗಾಜಿನ ಅಳತೆಪಾತ್ರೆಗೆ ಸುರಿದು ಓದಿ ಬರೆಯುವುದು ಒಬ್ಬ ನೌಕರನ ನಿತ್ಯದ ಕೆಲಸ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೂರಮಾಪಕ ಯಂತ್ರಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾವೇ ಲೆಕ್ಕ ಕಳಿಸುತ್ತವೆ. ಬರದ ನಾಡು ಎನಿಸಿಕೊಂಡ ಸೀಮೆಯಲ್ಲಿ ಬರವನ್ನು ಅಧಿಕೃತವಾಗಿ ನುಡಿಯುತ್ತಿದ್ದ ತಗಡಿನ ಡಬ್ಬಿಗೆ ಒಂದು ಗೌರವದ ಜಾಗ ಸಿಗಬೇಡವೇ?

ಆದರೆ ಇದೆಲ್ಲಕ್ಕಿಂತ ಸಂಘಕ್ಕೆ ಹೆಮ್ಮೆಯ ಬುನಾದಿಯಾಗಬಲ್ಲ ಊರು ಜವಳಗೇರಾ. ಸಿಂಧನೂರಿನಿಂದ ರಾಯಚೂರಿನ ದಾರಿ ಹಿಡಿದವರು ದಾಟಿ ಹೋಗುವ ಊರು. 1980ರ ಫೆಬ್ರವರಿ 16ರ ಶನಿವಾರ ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ಹುಬ್ಬಳ್ಳಿ, ಗದಗ ದಾಟಿ ಈ ಸೀಮೆಯ ಮೇಲೆ ಹಾದು ಹೈದರಾಬಾದಿನ ಕಡೆ ಹೋಯಿತು. ವೇಣು ಬಾಪು ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಂಡಗಳು ಅಂದು ಕರ್ನಾಟಕದಲ್ಲಿ ಬೀಡುಬಿಟ್ಟಿದ್ದ ಎರಡು ಜಾಗಗಳಲ್ಲಿ ಒಂದು ಹುಬ್ಬಳ್ಳಿ ಕಡೆಯ ಹೊಸೂರು, ಇನ್ನೊಂದು ಜವಳಗೇರಾ. ದೇಶದ ಬಹಳಷ್ಟು ಜನ ಅಂದು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಜನ ಹೊರಬರದಿರಲೆಂದು ದೂರದರ್ಶನ ಸಿನಿಮಾ ಹಾಕಿತ್ತು. ಮೂರು ನಿಮಿಷವೂ ಇರದ ಆ ಕತ್ತಲಿನಲ್ಲಿ ಸೂರ್ಯನ ಕರೋನಾವನ್ನು ಹಿಡಿಯಲು ವಿಜ್ಞಾನಿಗಳು ಲಾರಿಗಟ್ಟಲೆ ಸಾಮಾನು ಹೊತ್ತು ಬಂದಿದ್ದರು.

ಗ್ರಹಣದ ಶಿಬಿರಗಳಲ್ಲಿ ಸಾಮಾನ್ಯವಾಗಿ ಸೀಲೋಸ್ಟಾಟ್ ಎಂಬ ಕನ್ನಡಿ ಯಂತ್ರ ಇರುತ್ತದೆ. ಸೂರ್ಯ ಸರಿದಂತೆ ಗಡಿಯಾರದ ಚಕ್ರ ಕನ್ನಡಿಯನ್ನು 48 ತಾಸಿಗೆ ಒಂದು ಸುತ್ತಿನ ವೇಗದಲ್ಲಿ ತಿರುಗಿಸುತ್ತದೆ. ಬೆಳಕು ಮಾತ್ರ ಒಂದೇ ಕಡೆಗೆ, ಅಲುಗದೆ, ನೆಲಕ್ಕೆ ಊರಿದ ಕ್ಯಾಮೆರಾದೊಳಗೆ ಬೀಳುತ್ತದೆ. ದೊಡ್ಡ ದೂರದರ್ಶಕವನ್ನು ಆಕಾಶದತ್ತ ತಿರುಗಿಸುವ ಬದಲು ಆಕಾಶವನ್ನೇ ಹಳ್ಳಿಯ ಹೊಲಕ್ಕೆ ತಂದು ನಿಲ್ಲಿಸುವ ಜಾಣತನ ಇದು. ಇಂಥ ಯಂತ್ರಕ್ಕೆ ಗಟ್ಟಿ ಕಟ್ಟೆ ಬೇಕು, ಮರಳು, ಸಿಮೆಂಟು, ನೀರು ಬೇಕು, ಹೊರುವ ಕೈಗಳು ಬೇಕು. ಅಂದು ಇಪ್ಪತ್ತರ ಹರೆಯದವರಿಗೆ ಈಗ ಅರವತ್ತೈದು ದಾಟಿದೆ. ಶಿಬಿರವನ್ನು ನೋಡಿದವರ ನೆನಪನ್ನು ಬರೆದಿಟ್ಟುಕೊಳ್ಳುವುದು ಸಂಘದ ಮೊದಲ ವರ್ಷದ ಕೆಲಸವಾಗಬೇಕು. ಹತ್ತು ವರ್ಷ ತಡವಾದರೆ ಕೇಳಲು ಯಾರೂ ಇರುವುದಿಲ್ಲ. ಬೆಂಗಳೂರಿನ ಸಂಸ್ಥೆಯಲ್ಲಿ ದಾಖಲೆಗಳ ಭಂಡಾರವಿದೆ. ಅಲ್ಲಿಂದ ಚಿತ್ರ, ಪತ್ರಗಳ ಪ್ರತಿ ತರಿಸಿ ಜವಳಗೇರಾದ ಶಾಲೆಯ ಗೋಡೆಗೆ ಹಾಕುವುದಕ್ಕೆ ದೊಡ್ಡ ಹಣವೂ ಬೇಡ.

ಈ ಸೀಮೆಗೆ ಗ್ರಹಣ ಹೊಸದೂ ಅಲ್ಲ. 1868ರ ಆಗಸ್ಟ್ 18ರ ಗ್ರಹಣವನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿ ಲೆಫ್ಟಿನೆಂಟ್ ಜಾನ್ ಹರ್ಷೆಲನನ್ನು ಜಮಖಂಡಿಗೆ ಕಳಿಸಿತ್ತು; ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಆತ. ಮೋಡದ ಕಾಟದ ನಡುವೆಯೂ ಸ್ಪೆಕ್ಟ್ರೋಸ್ಕೋಪಿನಲ್ಲಿ ಸೂರ್ಯನ ಜ್ವಾಲೆಯ ಗೆರೆಗಳನ್ನು ಕಂಡ. ಅತ್ತ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ವನಪರ್ತಿಯಲ್ಲಿ ನಿಂತಿದ್ದರು. ಗುಂಟೂರು, ಮಚಲಿಪಟ್ಟಣದಲ್ಲೂ ತಂಡಗಳಿದ್ದವು. ಆ ಗ್ರಹಣದಲ್ಲಿ ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂ ಎಂಬ ಹೊಸ ಧಾತುವಿನ ಗುರುತಾಯಿತು. ಜಮಖಂಡಿಗೂ ವನಪರ್ತಿಗೂ ನಡುವೆ ಗೆರೆ ಎಳೆದರೆ ಅದರ ದಂಡೆಯಲ್ಲೇ ಲಿಂಗಸುಗೂರು. ಮೂರು ವರ್ಷದ ನಂತರ, 1871ರ ಡಿಸೆಂಬರ್ 12ರಂದು, ಇಂಗ್ಲಿಷ್ ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಕಾಸರಗೋಡಿನ ಬೇಕಲ ಕೋಟೆಯಲ್ಲಿ ದೂರದರ್ಶಕ ಹೂಡಿದ್ದ. ಆ ಕಾಲದ ಉಪಕರಣಗಳು ಎಲ್ಲಿ ಹೋದವು ಎಂದು ಕೇಳಿದರೆ ಕೆಲವಕ್ಕೆ ಉತ್ತರ ಸಿಗುತ್ತದೆ. ಮದ್ರಾಸ್ ವೀಕ್ಷಣಾಲಯದ ಜಾನ್ ಶೆಲ್ಟನ್ ಗಡಿಯಾರ ಕೊಡೈಕೆನಾಲಿನಲ್ಲಿ ಜೋಪಾನವಾಗಿದೆ. ಕ್ಯಾಪ್ಟನ್ ಕುಕ್ ಸಮುದ್ರಯಾನಕ್ಕೆ ಒಯ್ದದ್ದು ಇಂಥದ್ದೇ ಗಡಿಯಾರ. ಯಾರೋ ಎಣ್ಣೆ ಹಾಕಿದರು, ಯಾರೋ ಧೂಳು ಒರೆಸಿದರು, ಯಾರೋ ಎಸೆಯಲು ಬಿಡಲಿಲ್ಲ.

ನಿಜಾಮ ರಾಜ್ಯದಲ್ಲಂತೂ ಆಸಕ್ತ ಒಬ್ಬನಿಂದ ಏನಾಗುತ್ತದೆಂಬುದಕ್ಕೆ ಕಣ್ಣಮುಂದಿನ ನಿದರ್ಶನವಿದೆ. ನವಾಬ ಜಾಫರ್ ಜಂಗ್ ತನ್ನ ಸ್ವಂತ ಹಣದಲ್ಲಿ 15 ಇಂಚಿನ ಗ್ರಬ್ ದೂರದರ್ಶಕ ಕೊಂಡು 1901ರಲ್ಲಿ ನಿಜಾಮಿಯಾ ವೀಕ್ಷಣಾಲಯ ಆರಂಭಿಸಿದ. ಅಲ್ಲಿ ಕೆಲಸಕ್ಕಿದ್ದವರೊಬ್ಬರ ಮಗನೇ ವೇಣು ಬಾಪು. ಹಾಗೆ ನೋಡಿದರೆ 1980ರಲ್ಲಿ ಜವಳಗೇರಾಕ್ಕೆ ಬಂದ ಶಿಬಿರದ ಬೇರು ಒಬ್ಬ ಹವ್ಯಾಸಿ ಕೊಂಡ ದೂರದರ್ಶಕದವರೆಗೂ ಹೋಗುತ್ತದೆ.

ಸಂಘ ಏನು ಮಾಡಬೇಕು, ಏನು ಮಾಡಬಾರದು ಎಂಬುದರಲ್ಲಿ ಎರಡನೆಯದೇ ಮೊದಲು. ಹುಣಸೆಹಣ್ಣು ಹಾಕಿ ಉಜ್ಜಬಾರದು. ಹಿತ್ತಾಳೆ ಎಂದರೆ ಥಳಥಳ ಹೊಳೆಯಬೇಕೆಂಬುದು ಮನೆಮನೆಯ ಸಂಸ್ಕಾರ. ದೇವರ ದೀಪಕ್ಕೆ ಅದು ಸರಿ. ಹಳೆಯ ಉಪಕರಣಗಳ ಹಿತ್ತಾಳೆಗೆ ತಯಾರಕರು ತೆಳುವಾದ ಅರಗಿನ ಲೇಪ ಕೊಟ್ಟಿರುತ್ತಾರೆ. ಅಳತೆಯ ಪಟ್ಟಿಗೆ ಬೆಳ್ಳಿಯ ಹೊದಿಕೆ, ಕೊರೆದ ಗೆರೆಗೆ ಕಪ್ಪು ಮೇಣ. ಒಂದು ಸಲ ಹುಳಿ ಹಚ್ಚಿ ತಿಕ್ಕಿದರೆ ಇಪ್ಪತ್ತು ಸೆಕೆಂಡು ಕೋನವನ್ನೂ ಓದುತ್ತಿದ್ದ ವರ್ನಿಯರ್ ಕುರುಡಾಗುತ್ತದೆ. ಹಳೆಯ ಬ್ಯಾರೋಮೀಟರಿನ ಪಾದರಸವನ್ನು ಮಕ್ಕಳ ಕೈಗೆ ಕೊಡಬಾರದು.

ಎರಡನೆಯ ಮಾತು, ಗುರುತಿಲ್ಲದೆ ಕೂಡಿಡಬಾರದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಮಸ್ಕಿ, ಲಿಂಗಸುಗೂರು ಸೀಮೆಯಲ್ಲೆಲ್ಲ ಅಲೆದು ಶಿಲಾಯುಗದ ಕೊಡಲಿ, ಮಡಕೆ ಚೂರು ಆರಿಸಿದ. ಅವನ ಸಂಗ್ರಹವನ್ನು ಮದ್ರಾಸ್ ಮ್ಯೂಸಿಯಂ 1904ರಲ್ಲಿ ಕೊಂಡಿತು. ನೂರಿಪ್ಪತ್ತು ವರ್ಷವಾದರೂ ವಿದ್ವಾಂಸರು ಅದಕ್ಕೆ ಮರಳಿ ಹೋಗುವುದಕ್ಕೆ ಕಾರಣ ಕಲ್ಲುಗಳಷ್ಟೇ ಅಲ್ಲ. ಯಾವುದು ಯಾವ ಊರಲ್ಲಿ ಸಿಕ್ಕಿತೆಂದು ಫೂಟ್ ಪಟ್ಟಿ ಮಾಡಿದ್ದ. ತಕ್ಕಡಿಯ ಜೊತೆಗೆ ಅದು ಯಾವ ಕೋಣೆಯಲ್ಲಿತ್ತು, ಯಾರು ತೂಗುತ್ತಿದ್ದರು, ಯಾವಾಗ ನಿಂತಿತು ಎಂಬ ಅರ್ಧ ಪುಟದ ಬರಹ ಇರಲೇಬೇಕು. ಅದಿಲ್ಲದಿದ್ದರೆ ಸಂಗ್ರಾಹಕನ ಕಪಾಟೂ ಗುಜರಿ ಅಂಗಡಿಯೂ ಒಂದೇ.

ಕಾನೂನೂ ತಿಳಿದಿರಬೇಕು. 1972ರ ಪ್ರಾಚೀನ ವಸ್ತು ಹಾಗೂ ಕಲಾನಿಧಿ ಕಾಯ್ದೆ ಶಿಲ್ಪ, ನಾಣ್ಯಗಳಿಗೆ ಮಾತ್ರ ಸೀಮಿತ ಎಂದು ಹಲವರು ನಂಬಿದ್ದಾರೆ. ಗತಕಾಲದ ವಿಜ್ಞಾನವನ್ನು ತೋರುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹರಾಜಿಗೆ ಬಂದ ಹಳೆಯ ಥಿಯೋಡೊಲೈಟನ್ನು ಎತ್ತಿಕೊಂಡು ಹೋಗಿ ಹೊರದೇಶದ ಅಲಂಕಾರದಂಗಡಿಗೆ ದಾಟಿಸುವವರನ್ನು ತಡೆಯಲು ಊರಿನವರಿಗೆ ಇರುವ ಹಿಡಿತ ಇದು.

ಶಾಲೆ, ಕಚೇರಿಗಳಲ್ಲಿ ಡೆಡ್‌ಸ್ಟಾಕ್ ರಿಜಿಸ್ಟರ್ ಎಂಬ ಪುಸ್ತಕ ಇರುತ್ತದೆ. ನಿರುಪಯುಕ್ತ ಎಂದು ಬರೆದು ಮೇಲಧಿಕಾರಿಯ ಸಹಿಯಾದರೆ ಸಾಮಾನು ಹರಾಜಿಗೆ. ಮುಖ್ಯೋಪಾಧ್ಯಾಯರನ್ನೋ ಸಹಾಯಕ ಎಂಜಿನಿಯರನ್ನೋ ದೂರಿ ಪ್ರಯೋಜನವಿಲ್ಲ. ಜಾಗ ಖಾಲಿ ಮಾಡುವುದು, ಲೆಕ್ಕ ಚುಕ್ತಾ ಮಾಡುವುದು ಅವರ ಕರ್ತವ್ಯ. ಹರಾಜಿಗೆ ಮುನ್ನ ಒಂದು ತಿಂಗಳು ಪಟ್ಟಿಯನ್ನು ಸಂಘಕ್ಕೆ ತೋರಿಸಬೇಕು, ಬೇಕಾದದ್ದನ್ನು ಗುಜರಿ ಬೆಲೆಗೇ ಕೊಡಬೇಕು ಎಂಬ ಒಂದು ಸುತ್ತೋಲೆ ಜಿಲ್ಲಾಡಳಿತದಿಂದ ಹೊರಟರೆ ಅರ್ಧ ಕೆಲಸ ಆದಂತೆ. ಇದಕ್ಕೆ ಬಜೆಟ್ ಬೇಡ, ಹುದ್ದೆ ಬೇಡ.

ಕುಡಿಯುವ ನೀರಿಗೇ ಪರದಾಡುವ ಊರುಗಳಿರುವಾಗ ಹಳೆಯ ಹಿತ್ತಾಳೆಯ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಈ ಜಿಲ್ಲೆಯ ಮಕ್ಕಳು ವಿಜ್ಞಾನವನ್ನು ಬೆಂಗಳೂರಿನಲ್ಲಿ ನಡೆಯುವ ಯಾವುದೋ ದೊಡ್ಡವರ ಕೆಲಸ ಎಂದು ಕಲಿಯುತ್ತಿದ್ದಾರೆ. ವಿಜ್ಞಾನದ ವಸ್ತುಗಳನ್ನು ನೋಡಬೇಕೆಂದರೆ 1962ರಲ್ಲಿ ನೆಹರೂ ಉದ್ಘಾಟಿಸಿದ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೋ ಕಲಬುರಗಿಯ ವಿಜ್ಞಾನ ಕೇಂದ್ರಕ್ಕೋ ಬಸ್ಸು ಹತ್ತಬೇಕು. ತಮ್ಮ ತಾಲ್ಲೂಕಿನ ಚಿನ್ನ, ತಮ್ಮ ಹೊಲದ ಗುಂಟೆ, ತಮ್ಮ ಕಾಲುವೆಯ ಗೇಜ್, ತಮ್ಮೂರ ಮೇಲೆ ಹಾದ ಗ್ರಹಣ ಎಲ್ಲವೂ ವಿಜ್ಞಾನವೇ ಎಂದು ಕೈಗೆ ಕೊಟ್ಟು ತೋರಿಸುವವರಿಲ್ಲ. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಎಂಬ ಕುಶಲಕರ್ಮಿ ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಉಪಕರಣಗಳನ್ನು ಸುಧಾರಿಸಿ, 1843ರಲ್ಲಿ ಅದರ ಉಪಕರಣ ತಯಾರಕನ ಹುದ್ದೆಗೇ ಏರಿದ. ಇಂಗ್ಲೆಂಡಿನಿಂದ ಬಂದ ಕುಶಲಿಗರ ಜಾಗದಲ್ಲಿ ಕೂತವನು ಅವನು. ಅವನ ಕೈಗೆ ಉಪಕರಣ ಸಿಕ್ಕಿತ್ತು ಎಂಬುದು ಇಲ್ಲಿ ಮುಖ್ಯ. ಬಿಚ್ಚಿ ನೋಡಲು, ಜೋಡಿಸಲು, ಕೆಡಿಸಿ ಸರಿಮಾಡಲು ವಸ್ತು ಸಿಗದ ಹುಡುಗಿಯಿಂದ, ಹುಡುಗನಿಂದ ಅಂಥ ಕೈಚಳಕವನ್ನು ನಿರೀಕ್ಷಿಸುವುದು ಹೇಗೆ?

ಎಲ್ಲ ವಸ್ತುವನ್ನೂ ಒಂದೇ ಕಡೆ ಪೇರಿಸಬೇಕಾಗಿಯೂ ಇಲ್ಲ. ತಕ್ಕಡಿ, ಮೂಸೆಗಳು ಹಟ್ಟಿಯಲ್ಲಿರಲಿ, ಲೆವೆಲ್, ಸರಪಳಿ, ಗೇಜ್ ರಿಜಿಸ್ಟರುಗಳು ಸಿಂಧನೂರಿನ ಕಾಲೇಜೊಂದರಲ್ಲಿರಲಿ, ಮಸ್ಕಿಯಲ್ಲಿ ಶಾಸನ ನೋಡಲು ಬರುವವರಿಗೆ ಬೀಡನ್ ಕಾಲದ ಗಣಿ ಎಂಜಿನಿಯರನ ಸಲಕರಣೆಗಳ ಒಂದು ಕಪಾಟು ಕಾಣಲಿ. ಪಟ್ಟಿ ಮಾತ್ರ ಒಂದೇ ಇರಲಿ, ಕನ್ನಡದಲ್ಲಿರಲಿ. ಮೇಷ್ಟ್ರುಗಳು, ನಿವೃತ್ತ ಸರ್ವೆಯರುಗಳು, ಗಣಿಯ ಹಿರಿಯರು, ಅಕ್ಕಸಾಲಿಗರು, ಒಬ್ಬ ಗಡಿಯಾರ ರಿಪೇರಿಯವರು, ಬೇಕೇಬೇಕಾದ ಒಬ್ಬ ಗುಜರಿ ವ್ಯಾಪಾರಿ ಸೇರಿ ಹತ್ತು ಜನ ಸಿಕ್ಕರೆ ಸಂಘ ನೋಂದಾಯಿಸಬಹುದು. ಗುಜರಿ ವ್ಯಾಪಾರಿಯನ್ನು ಹೊರಗಿಟ್ಟು ಈ ಕೆಲಸ ನಡೆಯದು, ಏಕೆಂದರೆ ಯಾವ ಊರಿನ ಯಾವ ಉಗ್ರಾಣ ಯಾವಾಗ ಖಾಲಿಯಾಗುತ್ತದೆಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಅವನಿಗೇ. ತೂಕದ ಹಣದ ಮೇಲೆ ಇನ್ನೊಂದಿಷ್ಟು ಸೇರಿಸಿ ಕೊಡುವ ವಾಡಿಕೆ ಬಂದರೆ, ಕುಲುಮೆಗೆ ಹಾಕುವ ಮುನ್ನ ಅವನೇ ಫೋನು ಮಾಡುತ್ತಾನೆ.